ಹೆಲ್ಮೆಟ್ ದೀಪ ಮೂರು ಸಲ ಕೈಕೊಟ್ಟ ಕಥೆ

ನವೆಂಬರ್ ಬಂತೆಂದರೆ ಬೆಳಗಾವಿಯಲ್ಲಿ ಸಂಜೆ ಆರಕ್ಕೆ ಹೊತ್ತು ಮುಳುಗುತ್ತದೆ. ನನ್ನ ಕೆಲಸ ಮುಗಿಯುವುದು ಆರೂವರೆಗೆ. ಮಳೆ ನಿಂತು ಗರಸಿನ ಹಾದಿಗಳು ಗಟ್ಟಿಯಾಗುವ, ಸೈಕಲ್ ಹೊಡೆಯಲು ವರ್ಷದಲ್ಲೇ ಒಳ್ಳೆಯ ತಿಂಗಳುಗಳಲ್ಲಿ ನನ್ನ ಪಾಲಿಗೆ ಬರುವುದು ಬರೀ ಕತ್ತಲು. ಭಾನುವಾರಕ್ಕೆ ಕಾಯುತ್ತ ಕೂರುವುದು ನನ್ನಿಂದ ಆಗಲಿಲ್ಲ.

ಹ್ಯಾಂಡಲ್ ಮೇಲೆ ಯುಎಸ್‌ಬಿ ಚಾರ್ಜಿನ ಸಣ್ಣ ದೀಪ ಒಂದಿತ್ತು. ಟಿಳಕವಾಡಿಯಿಂದ ಯಳ್ಳೂರಿನ ತನಕ ಡಾಂಬರು ರಸ್ತೆಗೆ ಅದು ಸಾಕು. ರಸ್ತೆ ಬಿಟ್ಟು ರಾಜಹಂಸಗಡದ ಬುಡದ ಹೊಲದ ಹಾದಿಗೆ ಇಳಿದರೆ ಸಾಲದು. ಬೆಳಕು ಕಡಿಮೆ ಅಂತಲ್ಲ. ಆ ದೀಪ ಮುಂದಿನ ಗಾಲಿ ಎತ್ತ ತಿರುಗಿದೆಯೋ ಅತ್ತ ನೋಡುತ್ತದೆ. ನನ್ನ ಕಣ್ಣು ಆಗಲೇ ತಿರುವಿನ ಆ ಕೊನೆಗೆ ಹೋಗಿರುತ್ತದೆ. ದೀಪ ಮಾತ್ರ ಎದುರಿನ ಜಾಲಿಕಂಟಿ ತೋರಿಸುತ್ತ ಇರುತ್ತದೆ. ತಿರುವಿನೊಳಗೆ ಹೋಗಿ ಆದ ಮೇಲೆ ಕಲ್ಲು ಕಂಡರೆ ಏನು ಪ್ರಯೋಜನ, ಅಲ್ವಾ?

ಹಾಗಾಗಿ ತಲೆಯ ಮೇಲೊಂದು ದೀಪ ಬೇಕಾಯಿತು. ತಲೆ ತಿರುಗಿದ ಕಡೆ ಬೆಳಕು ತಿರುಗಬೇಕು. ಅಂಗಡಿಯಲ್ಲಿ ಒಳ್ಳೆಯವು ಸಿಗುತ್ತವೆ, ಬೆಲೆ ನೋಡಿದರೆ ಸೈಕಲ್ಲೇ ನೆನಪಾಗುತ್ತದೆ. ನನ್ನ ಡಬ್ಬಿಯಲ್ಲಿ ಅರ್ಧ ಸಾಮಾನು ಇತ್ತು. ಮಾಡಿಯೇ ಬಿಡೋಣ ಅಂದುಕೊಂಡೆ.

ಅವ್ವ ಬಾಗಿಲಲ್ಲಿ ನಿಂತು ಕೇಳಿದಳು: "ಹಗಲಹೊತ್ತು ಸೈಕಲ್ ಹೊಡಿಯಾಕ ಏನಾಗೇತಿ ನಿನಗ?"

ಡಬ್ಬಿಯಲ್ಲಿದ್ದದ್ದು

ಎಲ್‌ಇಡಿ ಕ್ರೀ ಕಂಪನಿಯ ಎಕ್ಸ್‌ಎಂ-ಎಲ್2. 20 ಮಿಲಿಮೀಟರಿನ ತಾಮ್ರದ ಬೋರ್ಡಿಗೆ ಬೆಸೆದದ್ದು. 3 ಆ್ಯಂಪಿಯರ್ ತನಕ ತಡೆಯುತ್ತದೆ. ಇದಕ್ಕಿಂತ ಹೊಸವು, ಜಾಸ್ತಿ ಬೆಳಕು ಕೊಡುವವು ಈಗ ಎಷ್ಟೋ ಇವೆ. ನನ್ನ ಹತ್ತಿರ ಇದ್ದದ್ದು ಇದು, ಅಷ್ಟೇ.

ಬಣ್ಣದ ವಿಷಯದಲ್ಲಿ ಮಾತ್ರ ಹಟ ಹಿಡಿದೆ. ಡಬ್ಬಿಯಲ್ಲಿ ಎರಡು ಇದ್ದವು. ಒಂದು 6500 ಕೆಲ್ವಿನ್ನಿನ ನೀಲಿ ಬಿಳುಪು, ಇನ್ನೊಂದು 4500ರ ಹತ್ತಿರದ ಹಾಲು ಬಿಳುಪು. ಲ್ಯೂಮೆನ್, ಅಂದರೆ ಒಟ್ಟು ಬೆಳಕಿನ ಲೆಕ್ಕದಲ್ಲಿ ನೀಲಿಯದೇ ಒಂದು ಕೈ ಮೇಲು. ಆದರೆ ನಮ್ಮ ಕಡೆ ನೆಲ ಕೆಂಪು. ನೀಲಿ ಬೆಳಕಿನಲ್ಲಿ ಜಂಬಿಟ್ಟಿಗೆ ಕಲ್ಲು, ಗರಸು, ಒಣ ಎಲೆ ಎಲ್ಲ ಬೂದಿ ಬಳಿದ ಹಾಗೆ ಒಂದೇ ಬಣ್ಣ. ಹಾಲು ಬಿಳುಪಿನಲ್ಲಿ ಕಲ್ಲು ಕಲ್ಲಾಗಿ, ಮಣ್ಣು ಮಣ್ಣಾಗಿ ಬೇರೆ ಬೇರೆ ಕಾಣುತ್ತದೆ. ಹಾದಿಯಲ್ಲಿ ಅದೇ ಮುಖ್ಯ.

ಎಲ್‌ಇಡಿಗೆ ಹೋಗುವ ಕರೆಂಟನ್ನು ಹಿಡಿತದಲ್ಲಿಡುವ ಬೋರ್ಡು, ಅಂದರೆ ಡ್ರೈವರ್, 17 ಮಿಲಿಮೀಟರಿನದು. ಮೇಲೆ 7135 ಅನ್ನುವ ಎಂಟು ಸಣ್ಣ ಚಿಪ್ಪುಗಳು. ಒಂದೊಂದು 350 ಮಿಲಿಆ್ಯಂಪಿಯರ್ ಬಿಡುತ್ತದೆ. ಎಂಟು ಸೇರಿ 2.8 ಆ್ಯಂಪಿಯರ್. ಇದು ಲೀನಿಯರ್ ಜಾತಿಯದು, ವೋಲ್ಟೇಜ್ ಏರಿಸಲು ಬರುವುದಿಲ್ಲ. ಹೆಚ್ಚಾಗಿ ಬಂದದ್ದನ್ನು ಶಾಖ ಮಾಡಿ ಚೆಲ್ಲುತ್ತದೆ, ಕಡಿಮೆ ಬಂದರೆ ಕೈ ಚೆಲ್ಲುತ್ತದೆ. ಮುಂದೆ ಇದೇ ನನ್ನ ಕಾಲಿಗೆ ತೊಡರಿತು.

ಬ್ಯಾಟರಿ 18650 ಅನ್ನುವ ಒಂದು ಲಿಥಿಯಂ ಸೆಲ್, 3400 ಮಿಲಿಆ್ಯಂಪಿಯರ್ ಅವರ್. ಚಾರ್ಜಿಗೆ ಟಿಪಿ4056 ಬೋರ್ಡು. ಎಲ್ಲ ಇಲೆಕ್ಟ್ರಾನಿಕ್ಸ್ ಅಂಗಡಿಯಲ್ಲೂ ಸಿಗುವ ಆ ಬೆರಳಗಲದ ನೀಲಿ ಬೋರ್ಡೇ. ಸೆಲ್ ಕಾಯುವ ಪ್ರೊಟೆಕ್ಷನ್ ಚಿಪ್ಪು ನನ್ನ ಬೋರ್ಡಿನಲ್ಲೇ ಇತ್ತು. ಇದನ್ನೂ ನೆನಪಿಟ್ಟುಕೊಳ್ಳಿ.

ಸೆಲ್ ಹೆಲ್ಮೆಟ್ ಮೇಲೆ ಬೇಡ, ಬೆನ್ನಿನ ಜೇಬಿನಲ್ಲಿರಲಿ ಅಂತ ಮೊದಲೇ ತೀರ್ಮಾನ ಮಾಡಿದ್ದೆ. ಒಂದು ಸೆಲ್ 50 ಗ್ರಾಂ ಒಳಗೇ ಇದ್ದರೂ, ಕಲ್ಲುಹಾದಿಯಲ್ಲಿ ಒಂದು ಗಂಟೆ ತಲೆ ಕುಣಿದ ಮೇಲೆ ಆ 50 ಗ್ರಾಂ ಏನೆಂದು ಕುತ್ತಿಗೆ ಹೇಳುತ್ತದೆ.

ಉದ್ಯಮಬಾಗದಲ್ಲಿ ಒಂದು ಮಧ್ಯಾಹ್ನ

ಬೆಳಗಾವಿಯಲ್ಲಿದ್ದುಕೊಂಡು, ಎಲ್‌ಇಡಿಯ ಬಿಸಿ ಹೀರಿ ಗಾಳಿಗೆ ಬಿಡುವ ಅಲ್ಯುಮಿನಿಯಂ ಹೀಟ್‌ಸಿಂಕ್ ಆನ್‌ಲೈನಿನಲ್ಲಿ ತರಿಸುವುದು ಅಂದರೆ ಗೋಕಾಕಕ್ಕೆ ಹೋಗಿ ಕರದಂಟು ಬಿಟ್ಟು ಬಿಸ್ಕತ್ತು ತಿಂದ ಹಾಗೆ. ಉದ್ಯಮಬಾಗದ ತುಂಬ ಫೌಂಡ್ರಿ, ಲೇಥು. ಅಪ್ಪನ ಪರಿಚಯದ ಟರ್ನರ್ ಕಾಕಾ ಒಬ್ಬರಿದ್ದಾರೆ. ಅವರ ಶೆಡ್ಡಿಗೆ ಹೋದೆ. ಕಾಗದದ ಮೇಲೆ ಪೆನ್ಸಿಲ್ಲಿನಿಂದ ಬರೆದ ಚಿತ್ರ ಕೊಟ್ಟೆ.

"ಇದೇನೋ ತಮ್ಮಾ, ಗಡಿಗಿ ಮುಚ್ಚಳ ಏನು?"

"ದೀಪದ ಬಾಡಿ ಕಾಕಾ. ಹೆಲ್ಮೆಟ್ ಮ್ಯಾಲೆ ಕೂಡ್ರಿಸೂದು."

ಅವರು ಚಿತ್ರ ತಿರುಗಿಸಿ ನೋಡಿದರು. ಎಲ್‌ಇಡಿ ಕೂರುವ ಬುಡವನ್ನು ನಾನು 2 ಮಿಲಿಮೀಟರ್ ದಪ್ಪ ಬರೆದಿದ್ದೆ, ಹಗುರಾಗಲಿ ಅಂತ. ಕಾಕಾ ಅಲ್ಲೇ ಬೆರಳಿಟ್ಟರು. "ಇಷ್ಟು ತೆಳ್ಳಗ ಮಾಡಿದ್ರ ಬಿಸಿ ಎಲ್ಲಿ ಹೋಗಬೇಕಪಾ? ಬುಡ ದಪ್ಪ ಇರ್ಲಿ. ತೂಕ ಬೇಕಾದ್ರ ಸುತ್ತ ಕಡಿಮಿ ಮಾಡೋಣು." ಎಲ್‌ಇಡಿ ಬಗ್ಗೆ ಅವರಿಗೆ ಗೊತ್ತಿರಲಿಲ್ಲ. ಬಿಸಿ ಲೋಹದಲ್ಲಿ ಹೇಗೆ ಹರಿಯುತ್ತದೆ ಅನ್ನುವುದು ನನಗಿಂತ ಚೆನ್ನಾಗಿ ಗೊತ್ತಿತ್ತು. ಬುಡ 5 ಮಿಲಿಮೀಟರ್ ಆಯಿತು.

ಸ್ಕ್ರ್ಯಾಪ್ ಡಬ್ಬದಿಂದ 32 ಮಿಲಿಮೀಟರಿನ ಅಲ್ಯುಮಿನಿಯಂ ರಾಡಿನ ತುಂಡು ಹೆಕ್ಕಿ ಲೇಥಿನ ಚಕ್ಕಿಗೆ ಬಿಗಿದರು. ಬ್ರಷ್ಷಿನಿಂದ ಸೀಮೆಎಣ್ಣೆ ಹಚ್ಚುತ್ತ ಒಳಗೆ ಬೋರ್ ಹೊಡೆದರು. ಸೀಮೆಎಣ್ಣೆ ಹಚ್ಚದಿದ್ದರೆ ಅಲ್ಯುಮಿನಿಯಂ ಟೂಲಿಗೇ ಅಂಟಿಕೊಳ್ಳುತ್ತದೆ, ಮೈ ಒರಟಾಗುತ್ತದೆ. ಬೆಳ್ಳಿ ಎಳೆಯಂಥ ಚೂರು ಸುರುಳಿ ಸುರುಳಿಯಾಗಿ ಕೆಳಗೆ ಬೀಳುತ್ತಿತ್ತು. ಆಮೇಲೆ ಸುತ್ತಲೂ ಗ್ರೂವ್ ಹೊಡೆದರು. ಐದು ರೆಕ್ಕೆ, ನಡುವೆ ಎರಡೆರಡು ಮಿಲಿಮೀಟರ್ ಸಂದು. ಕೊನೆಗೆ ಎಲ್‌ಇಡಿ ಕೂರುವ ಜಾಗಕ್ಕೆ ಸಣ್ಣಗೆ ಒಂದು ಪಾಸ್ ಕೊಟ್ಟು, ಉಗುರಿನಿಂದ ಕೆರೆದು ನೋಡಿದರು. ಉಗುರು ಎಲ್ಲೂ ನಿಲ್ಲಲಿಲ್ಲ.

ತೂಗಿದರೆ 41 ಗ್ರಾಂ. 150 ರೂಪಾಯಿ ಕೊಡಲು ಹೋದೆ. 100 ತೆಗೆದುಕೊಂಡರು.

ಮನೆಯಲ್ಲಿ ಥರ್ಮಲ್ ಪೇಸ್ಟ್ ಹಚ್ಚಿ ಎಲ್‌ಇಡಿ ಕೂರಿಸಿದೆ. ಪೇಸ್ಟು ಹಂಚಿಗೆ ಎಣ್ಣೆ ಸವರಿದಷ್ಟೇ ಇರಬೇಕು. ದಪ್ಪ ಮೆತ್ತಿದರೆ ಬಿಸಿಗೆ ಅದೇ ಅಡ್ಡಗೋಡೆ. ಮೇಲೆ 20 ಮಿಲಿಮೀಟರಿನ ಪ್ಲಾಸ್ಟಿಕ್ ಲೆನ್ಸ್, ಅದರ ಮೇಲೆ ರಬ್ಬರ್ ರಿಂಗು, ಮುಂದೆ ಗಾಜು. ಅಂಚಿಗೆ ಸಿಲಿಕೋನ್ ಹಚ್ಚುವಾಗ ಒಂದು ಎಚ್ಚರಿಕೆ: ಬಾತ್‌ರೂಮಿಗೆ ಹಾಕುವ, ವಿನಿಗರ್ ವಾಸನೆ ಬರುವ ಸಿಲಿಕೋನ್ ಬೇಡ. ಒಣಗುವಾಗ ಅದು ಬಿಡುವ ಆಮ್ಲಕ್ಕೆ ತಾಮ್ರ ಹಸಿರುಗಟ್ಟುತ್ತದೆ. ವಾಸನೆ ಇಲ್ಲದ ನ್ಯೂಟ್ರಲ್ ಸಿಲಿಕೋನ್ ಕೇಳಿ ತನ್ನಿ.

ಟೇಬಲ್ ಮೇಲಿಟ್ಟು ಹೈನಲ್ಲಿ ಹಚ್ಚಿದೆ. ನಾಲ್ಕು ನಿಮಿಷಕ್ಕೆ ಮುಟ್ಟಲು ಆಗದಷ್ಟು ಬಿಸಿ. ಗಾಬರಿಯಾಯಿತು. ಟೇಬಲ್ ಫ್ಯಾನ್ ಎದುರಿಗೆ ಇಟ್ಟು ಮತ್ತೆ ನೋಡಿದೆ. ಅರ್ಧ ಗಂಟೆಯಾದರೂ ಬೆರಳು ಇಟ್ಟುಕೊಂಡಿರಬಹುದಿತ್ತು. ಸೈಕಲ್ ಓಡುವಾಗ ಗಾಳಿ ಇದ್ದೇ ಇರುತ್ತದೆ. ನಿಂತಾಗ ಲೋಗೆ ಇಳಿಸಬೇಕು, ಅಷ್ಟೇ. ಈಗಲೂ ಚಹಾಕ್ಕೆ ನಿಂತರೆ ಮೊದಲು ಕೈ ಹೋಗುವುದು ಸ್ವಿಚ್ಚಿಗೆ.

ಹೆಲ್ಮೆಟ್ಟಿಗೆ ತೂತು ಹೊಡೆಯಬೇಡಿ

ಹೆಲ್ಮೆಟ್ ಒಳಗಿರುವುದು ಥರ್ಮೋಕೋಲಿನ ಜಾತಿಯ ನೊರೆ. ತೂತು ಹೊಡೆದರೆ, ಬೋಲ್ಟ್ ಹಾಕಿದರೆ ಅದರ ಬಲ ಹೋಯಿತು. ಟಿನ್ನರ್ ಇರುವ ಅಂಟು ಹಚ್ಚಿದರೆ ನೊರೆಯೇ ಕರಗುತ್ತದೆ. ಮೇಲಾಗಿ ಬಿದ್ದಾಗ ಹೆಲ್ಮೆಟ್ ನೆಲದ ಮೇಲೆ ಜಾರಬೇಕು. ದೀಪ ಎಲ್ಲೋ ಸಿಕ್ಕಿಕೊಂಡು ತಲೆಯನ್ನು ಹಿಡಿದು ಎಳೆಯಬಾರದು. ಹಾಗಾಗಿ ದೀಪ ಬಿಗಿಯಾಗಿಯೂ ಇರಬೇಕು, ಹೊಡೆತ ಬಿದ್ದರೆ ಕಿತ್ತು ಹೋಗಲೂ ಬೇಕು.

ಗಾಳಿಯ ಕಿಂಡಿಗಳಲ್ಲಿ ವೆಲ್‌ಕ್ರೋ ಪಟ್ಟಿ ಹಾಯಿಸಿ ಕಟ್ಟಿದೆ. ದೀಪದ ಕೆಳಗೆ ಹಳೇ ಸೈಕಲ್ ಟ್ಯೂಬಿನ ತುಂಡು ಮಡಿಸಿ ಇಟ್ಟೆ. ಅದು ಜಾರದ ಹಾಗೆ ಹಿಡಿಯುತ್ತದೆ, ಅದುರನ್ನೂ ನುಂಗುತ್ತದೆ. ಮೊದಲು ಹಣೆಯ ಮೇಲೆ ಕಟ್ಟಿದ್ದೆ. ಇಳಿಜಾರಿನಲ್ಲಿ ಹೆಲ್ಮೆಟ್ ಹುಬ್ಬಿಗೆ ಇಳಿಯುತ್ತಿತ್ತು. ನಡುನೆತ್ತಿಗೆ ಸರಿಸಿದ ಮೇಲೆ ಸರಿಯಾಯಿತು.

ಡಿಸ್ಕೊ

ಮೊದಲ ಸವಾರಿಯಲ್ಲಿ ಸೆಲ್ ಸ್ಪ್ರಿಂಗ್ ಇರುವ ಪ್ಲಾಸ್ಟಿಕ್ ಹೋಲ್ಡರಿನಲ್ಲಿತ್ತು. ಡಾಂಬರಿನಲ್ಲಿ ದಿವಿನಾಗಿತ್ತು. ಯಳ್ಳೂರು ದಾಟಿ ಭತ್ತ ಕೊಯ್ದ ಗದ್ದೆಗಳ ಪಕ್ಕದ ಹಾದಿಗೆ ಇಳಿದೆನೋ ಇಲ್ಲವೋ, ದೀಪ ಲೋಗೆ ಹೋಯಿತು. ಇನ್ನೊಂದು ಕುಣಿಗೆ ಮತ್ತೆ ಹೈ. ಮೂರನೆಯದಕ್ಕೆ ಸ್ಟ್ರೋಬ್. ಗಣಪತಿ ಹಬ್ಬದ ಮೆರವಣಿಗೆಯ ಹಾಗೆ ಪಟಪಟ ಮಿಂಚತೊಡಗಿತು. ಎಲ್ಲಿಂದಲೋ ನಾಲ್ಕು ನಾಯಿ ಒಟ್ಟಿಗೆ ಬೊಗಳಿದವು.

ಕಾರಣ ಸುಲಭ. ಈ ಡ್ರೈವರಿನಲ್ಲಿ ಮೋಡ್ ಬದಲಾಗುವುದು ಕರೆಂಟ್ ಒಂದು ಕ್ಷಣ ಕಡಿದು ಬಂದಾಗ. ಸ್ವಿಚ್ ಒತ್ತಿದರೂ ಅದೇ, ಸ್ಪ್ರಿಂಗಿನಲ್ಲಿ ಸೆಲ್ ಕುಣಿದರೂ ಅದೇ. ಯಾರು ಕಡಿದರು ಅಂತ ಡ್ರೈವರಿಗೆ ಹೇಗೆ ಗೊತ್ತಾಗಬೇಕು?

ಹೋಲ್ಡರ್ ಕಸಕ್ಕೆ ಹೋಯಿತು. ಇಲೆಕ್ಟ್ರಿಕ್ ಗಾಡಿಗಳ ಬ್ಯಾಟರಿ ಕಟ್ಟುವ ಒಬ್ಬರ ಹತ್ತಿರ ಸೆಲ್ಲಿಗೆ ನಿಕಲ್ ಪಟ್ಟಿ ಸ್ಪಾಟ್ ವೆಲ್ಡ್ ಮಾಡಿಸಿದೆ. ಸೆಲ್ ಮೇಲೆ ನೇರವಾಗಿ ಸೋಲ್ಡರ್ ಮಾಡಬೇಡಿ, ಆ ಶಾಖ ಒಳಗೆ ಹೋಗಿ ಸೆಲ್ಲನ್ನೇ ಕೆಡಿಸುತ್ತದೆ. ಡ್ರೈವರ್ ಮೇಲೆ ನಕ್ಷತ್ರದ ಗುರುತುಗಳಿದ್ದವು. ಒಂದನ್ನು ಅಂಚಿನ ನೆಗೆಟಿವ್ ಸುತ್ತಿಗೆ ಬೆಸೆದೆ, ಸ್ಟ್ರೋಬ್ ಇಲ್ಲದ ಮೋಡಿನ ಗುಂಪು ಬಂತು. ಸ್ಟ್ರೋಬ್ ಯಾರಿಗೆ ಬೇಕು ಅನ್ನುವುದು ನನಗೆ ಇವತ್ತಿಗೂ ತಿಳಿದಿಲ್ಲ.

ಎಳೆ ಎಳೆಯಾಗಿ ಮಂಕಾದದ್ದು

ಎರಡನೇ ದೋಷ ಇಷ್ಟು ಗದ್ದಲ ಮಾಡಲಿಲ್ಲ. ಹೊರಟಾಗ ಬೆಳಕು ಜೋರು. 25 ನಿಮಿಷ ಕಳೆದ ಮೇಲೆ ಯಾಕೋ ಹಾದಿ ಕಾಣುತ್ತಿಲ್ಲ ಅನ್ನಿಸುವುದು. ಕಣ್ಣು ಕತ್ತಲಿಗೆ ಹೊಂದಿಕೊಳ್ಳುತ್ತಲೇ ಇರುವುದರಿಂದ ಬೆಳಕು ಇಳಿದದ್ದು ಗೊತ್ತೇ ಆಗುವುದಿಲ್ಲ. ವೇಗ ತಾನಾಗಿ ಕಡಿಮೆಯಾಗಿರುತ್ತದೆ, ಸುಸ್ತಾಗಿದೆ ಅಂತ ನಾವು ಅಂದುಕೊಂಡಿರುತ್ತೇವೆ. ಗೆಳೆಯ ಹೇಳಿದ ಮೇಲೆ ಗೊತ್ತಾಯಿತು: "ನಿನ್ನ ದೀಪ ಚಿಮಣಿ ಆಗೇತಲ್ಲೋ."

ಸೆಲ್ ಹಳೆಯದಾಯಿತು ಅಂದುಕೊಂಡು ಮನೆಗೆ ಬಂದು ಮಲ್ಟಿಮೀಟರ್ ಹಿಡಿದೆ. ದೀಪ ಹೈನಲ್ಲಿ ಉರಿಯುತ್ತಿರುವಾಗಲೇ ನೋಡಬೇಕು. ಆರಿಸಿ ನೋಡಿದರೆ ಸೆಲ್ ಒಳ್ಳೆಯ ಮಾತನ್ನೇ ಆಡುತ್ತದೆ. ಬ್ಯಾಟರಿ ಬೋರ್ಡಿನ ಬಾಯಲ್ಲಿ 3.60 ವೋಲ್ಟ್. ದೀಪದ ಬುಡದಲ್ಲಿ 3.22. ನಡುವೆ 0.38 ವೋಲ್ಟ್ ಎಲ್ಲಿ ಹೋಯಿತು?

ವೈರಿನಲ್ಲಿ. ದೀಪಾವಳಿಯ ಕೆಟ್ಟ ಸೀರಿಯಲ್ ಸೆಟ್ಟಿನಿಂದ ಬಿಚ್ಚಿದ ವೈರ್ ಅದು, ಮೆತ್ತಗೆ ಚೆನ್ನಾಗಿ ಬಳುಕುತ್ತದೆ ಅಂತ ಹಾಕಿದ್ದೆ. ಒಳಗಿನ ತಾಮ್ರ 0.2 ಚದರ ಮಿಲಿಮೀಟರಿನಷ್ಟು. ಬೆನ್ನಿನಿಂದ ನೆತ್ತಿಗೆ 1.2 ಮೀಟರ್, ಹೋಗಿ ಬರಲು 2.4. ಅಷ್ಟು ಉದ್ದದ ಆ ವೈರಿಗೆ ಸುಮಾರು 0.2 ಓಮ್ ತಡೆ. 0.38ನ್ನು 0.2ರಿಂದ ಭಾಗಿಸಿದರೆ 1.9 ಆ್ಯಂಪಿಯರ್. 2.8 ಬರಬೇಕಾದಲ್ಲಿ 1.9. ಬೇರೆ ಮೀಟರೇ ಬೇಕಾಗಲಿಲ್ಲ, ಕಳ್ಳನೇ ಲೆಕ್ಕ ಕೊಟ್ಟ.

ಮೊದಲು ಹೇಳಿದ ಲೀನಿಯರ್ ಡ್ರೈವರಿನ ಮಾತು ಇಲ್ಲಿಗೆ ಬಂತು. ಈ ಎಲ್‌ಇಡಿಗೆ 2.8 ಆ್ಯಂಪಿಯರ್ ಹರಿಯಲು 3.3 ವೋಲ್ಟಿನ ಹತ್ತಿರ ಬೇಕು, ಚಿಪ್ಪುಗಳ ಪಾಲು ಇನ್ನೊಂದು 0.12. ದೀಪದ ಬಾಗಿಲಿಗೆ 3.4 ಬಂದರೆ ಮಾತ್ರ ಪೂರ್ತಿ ಬೆಳಕು. ಸೆಲ್ ತುಂಬಿದಾಗ 4.2 ಇರುತ್ತದೆ, ಆದರೆ ಹೊರೆ ಬಿದ್ದ ಕೂಡಲೇ 4ಕ್ಕೆ ಇಳಿಯುತ್ತದೆ. ಅದರಲ್ಲಿ ವೈರು ಅರ್ಧ ವೋಲ್ಟ್ ಮೀರಿ ತಿಂದರೆ ಉಳಿಯುವುದು ಎಷ್ಟು? ಮೊದಲ ಕೆಲವು ನಿಮಿಷ ಬಿಟ್ಟರೆ ನನ್ನ ದೀಪ ಒಮ್ಮೆಯೂ ಪೂರ್ತಿ ಉರಿದೇ ಇರಲಿಲ್ಲ. ಎರಡು ಸೆಲ್ ಸಾಲಾಗಿ ಜೋಡಿಸಿ ಬೇರೆ ಡ್ರೈವರ್ ಹಾಕಿದ್ದರೆ ಈ ತಲೆನೋವೇ ಇರುತ್ತಿರಲಿಲ್ಲ. ಆದರೆ ಈ ಡ್ರೈವರಿಗೆ ಕಾಸು ಕೊಟ್ಟಾಗಿತ್ತು.

ಮುಕ್ಕಾಲು ಚದರ ಮಿಲಿಮೀಟರಿನ ಮೆತ್ತನೆಯ ಎರಡೆಳೆ ವೈರ್ ತಂದೆ. ಅದರಲ್ಲಿ ನಷ್ಟ 0.15 ವೋಲ್ಟ್ ಮಾತ್ರ. ಸ್ವಲ್ಪ ಬಿರುಸು, ಆದರೆ ಬೆನ್ನಿಗೆ ಅಂಟಿಕೊಂಡು ಹೋಗುವ ಹಾಗೆ ಅಂಗಿಯ ಕಾಲರಿಗೆ ಒಂದು ಕ್ಲಿಪ್ ಹಾಕಿದೆ. ಸ್ವಿಚ್ಚೂ ಅಲ್ಲೇ, ಹೆಬ್ಬೆರಳಿಗೆ ಸಿಗುವ ಹಾಗೆ. ಅದೇ ಕೈಯಲ್ಲಿ ಪಕ್ಕಕ್ಕೆ ಇನ್ನೊಂದು ಸೆಲ್ ಸೇರಿಸಿದೆ. ಎರಡನ್ನೂ ಒಂದೇ ವೋಲ್ಟೇಜಿಗೆ ತಂದ ಮೇಲೇ ಜೋಡಿಸಬೇಕು. ಇಲ್ಲದಿದ್ದರೆ ತುಂಬಿದ್ದು ಖಾಲಿ ಇದ್ದದ್ದರೊಳಗೆ ಒಮ್ಮೆಗೇ ನುಗ್ಗುತ್ತದೆ.

ಬಚ್ಚಲಲ್ಲಿ ನಿಂತು ಹಚ್ಚಿ ನೋಡಿದೆ. ಹಗಲಾಯಿತು.

ಕತ್ತಲು

ಮೂರನೆಯದು ನಿಜವಾಗಿ ಹೆದರಿಸಿತು.

ರಾಜಹಂಸಗಡಕ್ಕೆ ರಸ್ತೆಯಲ್ಲಿ ಹತ್ತಿದ್ದೆವು. ಕೋಟೆ ಬಾಗಿಲ ಹತ್ತಿರ ಎರಡು ನಿಮಿಷ ನಿಂತು, ದೂರದ ಊರಿನ ದೀಪ ನೋಡಿ, ಇಳಿಯಲು ಪಕ್ಕದ ಕಾಲುಹಾದಿ ಹಿಡಿದೆವು. ಗೆಳೆಯ ಮುಂದೆ, ನಾನು ಹಿಂದೆ. ಬೆಳಕು ಇಷ್ಟು ಚೆನ್ನಾಗಿ ಎಂದೂ ಇರಲಿಲ್ಲ. ಅದಕ್ಕೇ ವೇಗವೂ ಎಂದಿಗಿಂತ ಜಾಸ್ತಿ ಇತ್ತು. ಒಂದು ಕಲ್ಲಿನ ಮೆಟ್ಟಿಲಿಗೆ ಹಿಂದಕ್ಕೆ ಸರಿದು ಕೂತೆ, ಮುಂಗಾಲಿ ಇಳಿಯಿತು, ದೀಪ ಹೋಯಿತು.

ಮಂಕಾಗಲಿಲ್ಲ. ಹೋಯಿತು. ಜೋರು ಬೆಳಕಿಗೆ ಹೊಂದಿಕೊಂಡ ಕಣ್ಣಿಗೆ ಆ ಕತ್ತಲಲ್ಲಿ ಏನೆಂದರೆ ಏನೂ ಇಲ್ಲ. ಹಿಂದಿನ ಗಾಲಿಯ ಟಕಟಕ ಸದ್ದು ಮಾತ್ರ. ಎರಡು ಕ್ಷಣದ ಮೇಲೆ ಹ್ಯಾಂಡಲ್ಲಿನ ಸಣ್ಣ ದೀಪದ ಹಳದಿ ತೇಪೆ ಗಾಲಿಯ ಮುಂದೆ ಕಂಡಿತು. ಅದಿಲ್ಲದಿದ್ದರೆ ಎಡಕ್ಕೆ ಲಂಟಾನ ಕಂಟಿಯೊಳಗೆ ಇರುತ್ತಿದ್ದೆ. ಎರಡೂ ಬ್ರೇಕ್ ಹಿಡಿದು, ಒಂದು ಕಾಲು ಊರಿ ನಿಂತೆ. ಸ್ವಿಚ್ ಆರಿಸಿ ಹಚ್ಚಿದೆ. ಏನೂ ಆಗಿಲ್ಲವೆಂಬಂತೆ ದೀಪ ಬಂತು.

ಬೆಸುಗೆ ಬಿಟ್ಟಿದೆ ಅಂದುಕೊಂಡು ಮನೆಯಲ್ಲಿ ಎಲ್ಲ ಬಿಚ್ಚಿದೆ. ಎಲ್ಲವೂ ಗಟ್ಟಿ. ಟೇಬಲ್ ಮೇಲೆ ಫ್ಯಾನ್ ಎದುರಿಗೆ ಒಂದು ಗಂಟೆ ಉರಿಸಿದೆ, ಆರಲಿಲ್ಲ. ಅಲುಗಾಡಿಸಿದೆ, ಕುಕ್ಕಿದೆ, ವೈರ್ ಎಳೆದೆ. ಆರಲಿಲ್ಲ. ಮನೆಯಲ್ಲಿ ಸರಿಯಾಗಿದ್ದು ಹಾದಿಯಲ್ಲಿ ಮಾತ್ರ ಕೆಡುವ ಯಂತ್ರದಷ್ಟು ಸಿಟ್ಟು ತರಿಸುವುದು ಇನ್ನೊಂದಿಲ್ಲ.

ಎರಡು ದಿನ ಬಿಟ್ಟು ಹೊಳೆಯಿತು. ಟೇಬಲ್ ಮೇಲೆ ಬ್ಯಾಟರಿ ಬೋರ್ಡು ಬಯಲಲ್ಲಿ ಬಿದ್ದಿರುತ್ತದೆ. ಸವಾರಿಯಲ್ಲಿ ಅದು ಹೀಟ್ ಶ್ರಿಂಕ್ ಸ್ಲೀವಿನ ಒಳಗೆ, ಸ್ಪಂಜಿನ ಒಳಗೆ, ಜೇಬಿನ ಒಳಗೆ, ನನ್ನ ಬೆವರು ಬೆನ್ನಿಗೆ ಅಂಟಿಕೊಂಡು ಇರುತ್ತದೆ. ಇಡೀ ಪ್ಯಾಕನ್ನು ಅಪ್ಪನ ಉಣ್ಣೆ ಟೊಪ್ಪಿಗೆಯಲ್ಲಿ ಸುತ್ತಿ, ದೀಪವನ್ನು ಮಾತ್ರ ಫ್ಯಾನ್ ಎದುರಿಗಿಟ್ಟೆ. 34ನೇ ನಿಮಿಷಕ್ಕೆ ಕತ್ತಲು. ನನಗೆ ಕುಣಿಯುವಷ್ಟು ಖುಷಿ. ಅವ್ವ ಒಳಗಿನಿಂದ, "ಕರೆಂಟ್ ಹೋತೇನು?" ಅಂತ ಕೇಳಿದಳು.

ಆ ನೀಲಿ ಬೋರ್ಡಿನ ಮೇಲೆ ಡಿಡಬ್ಲ್ಯೂ01 ಅನ್ನುವ ಚಿಪ್ಪಿದೆ. ಸೆಲ್ಲಿನಿಂದ ಜಾಸ್ತಿ ಕರೆಂಟ್ ಹೋಗುತ್ತಿದೆಯೇ ಅಂತ ಕಾಯುವುದು ಅದರ ಒಂದು ಕೆಲಸ. ಕರೆಂಟನ್ನು ಅದು ನೇರವಾಗಿ ಅಳೆಯುವುದಿಲ್ಲ. ಪಕ್ಕದ 8205 ಚಿಪ್ಪಿನಲ್ಲಿ ಎರಡು ಮಾಸ್‌ಫೆಟ್, ಅಂದರೆ ಕರೆಂಟ್ ಬಿಡುವ, ತಡೆಯುವ ಸ್ವಿಚ್ಚಿನಂಥವು, ಇವೆ. ಅವುಗಳ ಮೇಲೆ ಎಷ್ಟು ವೋಲ್ಟೇಜ್ ಬಿತ್ತು ಅಂತ ನೋಡುತ್ತದೆ. 150 ಮಿಲಿವೋಲ್ಟಿನ ಹತ್ತಿರ ಹೋದರೆ ಬಾಗಿಲು ಹಾಕುತ್ತದೆ. ತಣ್ಣಗಿರುವಾಗ ಅದು 3.5 ಆ್ಯಂಪಿಯರ್ ಆಸುಪಾಸು. ನನಗೆ ಬೇಕಾದ್ದು 2.8. ಸಾಕಲ್ಲ ಅನ್ನಿಸುತ್ತದೆ. ಆದರೆ ಮಾಸ್‌ಫೆಟ್ ಬಿಸಿಯಾದಂತೆ ಅದರ ತಡೆ ಏರುತ್ತದೆ. ಸೆಲ್ಲಿನ ವೋಲ್ಟೇಜ್ ಇಳಿದಂತೆ ಇನ್ನಷ್ಟು ಏರುತ್ತದೆ. ಕರೆಂಟ್ ಅಷ್ಟೇ ಇದ್ದರೂ ಚಿಪ್ಪಿಗೆ ಜಾಸ್ತಿ ಕಾಣುತ್ತದೆ. ಮೀಟರಿನಲ್ಲಿ ನೋಡಿದೆ: ಶುರುವಿನಲ್ಲಿ 118 ಮಿಲಿವೋಲ್ಟ್, ಟೊಪ್ಪಿಗೆಯೊಳಗೆ 20 ನಿಮಿಷಕ್ಕೆ 137, ಆಮೇಲೆ 146, ಆಮೇಲೆ ಕತ್ತಲು. ಒಮ್ಮೆ ಮುಚ್ಚಿದ ಬಾಗಿಲು ಹೊರೆ ತೆಗೆದರೆ ಮಾತ್ರ ತೆರೆಯುತ್ತದೆ. ಅದಕ್ಕೇ ಸ್ವಿಚ್ ಆರಿಸಿ ಹಚ್ಚಿದಾಗ ದೀಪ ಬಂದದ್ದು.

ಮೊದಲಿನ ಸವಾರಿಗಳಲ್ಲಿ ಯಾಕೆ ಆರಲಿಲ್ಲ? ಸೀರಿಯಲ್ ಸೆಟ್ಟಿನ ಬಡಕಲು ವೈರು ಅಷ್ಟು ಕರೆಂಟ್ ಹೋಗಲು ಬಿಟ್ಟಿರಲೇ ಇಲ್ಲ. ಬೋರ್ಡು ಬಿಸಿಯಾಗುವ ಹೊತ್ತಿಗೆ ಕರೆಂಟು 2ಕ್ಕೆ ಇಳಿದಿರುತ್ತಿತ್ತು. ನಾನು ವೈರ್ ಸರಿ ಮಾಡಿದೆ, ಅದು ಮುಚ್ಚಿಟ್ಟಿದ್ದ ತಪ್ಪು ಹೊರಗೆ ಬಂತು.

ಈಗ ನೀಲಿ ಬೋರ್ಡಿಗೆ ಚಾರ್ಜ್ ಮಾಡುವ ಕೆಲಸ ಮಾತ್ರ. 1 ಆ್ಯಂಪಿಯರಿನಲ್ಲಿ ಎರಡು ಸೆಲ್ ತುಂಬಲು ಏಳು ಗಂಟೆ ಮೀರುತ್ತದೆ. ಭಾನುವಾರ ಹಗಲು, ನಾನು ಎದುರಿಗಿರುವಾಗ ಹಾಕುತ್ತೇನೆ. ದೀಪಕ್ಕೆ ಹೋಗುವ ದಾರಿಯಲ್ಲಿ 10 ಆ್ಯಂಪಿಯರಿನ ಬೇರೆ ಪ್ರೊಟೆಕ್ಷನ್ ಬೋರ್ಡು, ನಾಲ್ಕಾರು ಮಾಸ್‌ಫೆಟ್ ಪಕ್ಕಪಕ್ಕಕ್ಕೆ ಇರುವಂಥದ್ದು. ಪ್ರೊಟೆಕ್ಷನ್ನೇ ತೆಗೆದುಹಾಕು ಅಂತ ಒಬ್ಬ ಹೇಳಿದ. ಬೆನ್ನಿಗೆ ಕಟ್ಟಿಕೊಳ್ಳುವ ಲಿಥಿಯಂ ಸೆಲ್ಲಿಗೆ ಅದು ಬೇಡದ ಧೈರ್ಯ. ಟೊಪ್ಪಿಗೆ ಪರೀಕ್ಷೆ ಮತ್ತೆ ಮಾಡಿದೆ. ಒಂದು ಗಂಟೆ 20 ನಿಮಿಷ ಬೆಳಕು ಅಲುಗಾಡಲಿಲ್ಲ. ಆಮೇಲೆ ನಿಧಾನಕ್ಕೆ ಇಳಿಯಿತು. 3 ವೋಲ್ಟಿನ ಹತ್ತಿರ ಡ್ರೈವರ್ ತಾನೇ ಲೋಗೆ ತಂದಿತು.

ತಲೆಯ ಮೇಲೊಂದು, ಹ್ಯಾಂಡಲ್ ಮೇಲೊಂದು

ಹೆಲ್ಮೆಟ್ ದೀಪ ಬಂದ ಮೇಲೆ ಹ್ಯಾಂಡಲ್ ದೀಪ ತೆಗೆಯುವ ವಿಚಾರವಿತ್ತು. ಆ ಇಳಿಜಾರಿನ ಮೇಲೆ ಅದು ಬಿಟ್ಟುಹೋಯಿತು. ಇನ್ನೊಂದು ಕಾರಣ ಮಾಳಿಗೆಯ ಮೇಲೆ ಕಂಡಿತು. ಒಂದು ಇಟ್ಟಿಗೆ ಇಟ್ಟು ಹತ್ತು ಹೆಜ್ಜೆ ದೂರ ನಿಂತು, ತಲೆಯ ದೀಪ ಮಾತ್ರ ಹಚ್ಚಿದೆ. ಇಟ್ಟಿಗೆ ನೆಲಕ್ಕೆ ಬಳಿದ ಕೆಂಪು ಬಣ್ಣದ ಹಾಗೆ ಚಪ್ಪಟೆ. ಬೆಳಕು ಕಣ್ಣಿನ ಪಕ್ಕದಿಂದಲೇ ಹೋದರೆ ನೆರಳು ಇಟ್ಟಿಗೆಯ ಹಿಂದೆ ಅಡಗುತ್ತದೆ, ನಮಗೆ ಕಾಣುವುದಿಲ್ಲ. ದೀಪವನ್ನು ಸೊಂಟದ ಹತ್ತಿರ ಹಿಡಿದೆ. ಇಟ್ಟಿಗೆಯ ಹಿಂದೆ ಉದ್ದ ನೆರಳು ಬಿತ್ತು, ಎತ್ತರ ತಿಳಿಯಿತು. ಹಾದಿಯ ಕುಣಿಗಳೂ ಹಾಗೇ. ಕುಣಿ ತೋರಿಸುವುದು ಹ್ಯಾಂಡಲ್ ದೀಪ, ತಿರುವು ತೋರಿಸುವುದು ತಲೆಯದು.

ಮಂಜಿನಲ್ಲಂತೂ ತಲೆಯ ದೀಪ ಆರಿಸಿಬಿಡಿ. ಡಿಸೆಂಬರಿನ ಒಂದು ನಸುಕಿನಲ್ಲಿ ಹಚ್ಚಿಕೊಂಡು ಹೊರಟೆ. ಮೂಗಿನ ಮುಂದೆ ಬಿಳಿ ಗೋಡೆ. ಮಂಜಿನ ಹನಿಗೆ ತಾಗಿದ ಬೆಳಕು ನೇರ ಕಣ್ಣಿಗೇ ವಾಪಸ್ ಬರುತ್ತದೆ. ಕೆಳಗಿನ ದೀಪ ಒಂದರಲ್ಲೇ ಮೆಲ್ಲಗೆ ಹೋಗುವುದು ವಾಸಿ.

ಇನ್ನು ಎದುರಿಗೆ ಬರುವವರು. ಸದ್ದಾದ ಕಡೆ ತಲೆ ತಿರುಗುವುದು ಸಹಜ. ತಲೆಯ ಜೊತೆ ದೀಪವೂ ತಿರುಗುತ್ತದೆ, ನೇರ ಅವರ ಕಣ್ಣಿಗೆ. ಗದ್ದೆ ಕಾಯಲು ಕೂತಿದ್ದ ಅಜ್ಜನೊಬ್ಬ ಬೈದದ್ದು ಇನ್ನೂ ನೆನಪಿದೆ: "ಲೇ ತಮ್ಮಾ, ತಲಿಮ್ಯಾಲೆ ಸೂರ್ಯಾನ್ನ ಹೊತ್ಕೊಂಡು ಎಲ್ಲಿ ಹೊಂಟಿ? ಕೆಳಗ ಮಾಡು ಅದನ್ನ, ಕಣ್ಣು ಕುಕ್ಕಾಕತ್ತೈತಿ." ತಪ್ಪಾಯ್ತು ಅಜ್ಜಾ ಅಂದೆ. ಆಮೇಲಿಂದ ಯಾರಾದರೂ ಬಂದರೆ ಮೊದಲು ಗದ್ದ ಎದೆಗೆ, ಆಮೇಲೆ ಮಾತು. ಡಾಂಬರು ರಸ್ತೆಗೆ ಬಂದರೆ ತಲೆಯದು ಪೂರ್ತಿ ಬಂದ್.

ಒಂದು ಸೋಜಿಗ ಮಾತ್ರ ಈ ದೀಪ ಇಲ್ಲದಿದ್ದರೆ ನನಗೆ ಗೊತ್ತೇ ಆಗುತ್ತಿರಲಿಲ್ಲ. ಹುಲ್ಲಿನ ಹಾದಿಯಲ್ಲಿ ನೆಲದ ತುಂಬ ಇಬ್ಬನಿಯ ಹಾಗೆ ಹಸಿರು ಮಿಣುಕು. ಬಗ್ಗಿ ನೋಡಿದರೆ ಇಬ್ಬನಿ ಅಲ್ಲ, ಜೇಡನ ಕಣ್ಣು. ಬಲೆ ಕಟ್ಟದೆ ನೆಲದ ಮೇಲೆ ಓಡಾಡಿ ಬೇಟೆಯಾಡುವ ಜಾತಿ. ಕಣ್ಣಿಗೆ ಬಿದ್ದ ಬೆಳಕನ್ನು ಬಂದ ದಾರಿಯಲ್ಲೇ ತಿರುಗಿ ಕಳಿಸುತ್ತವೆ. ಹಾಗಾಗಿ ದೀಪ ನಮ್ಮ ಕಣ್ಣಿನ ಹತ್ತಿರ ಇದ್ದರೆ ಮಾತ್ರ ಕಾಣುತ್ತವೆ. ಗೆಳೆಯನಿಗೆ ತೋರಿಸಿದೆ. ಅವನು ಅಲ್ಲಿ ಮತ್ತೆ ಕಾಲು ಊರಲಿಲ್ಲ.

ದೀಪ ತೋರಿಸಲು ಮೊನ್ನೆ ಟರ್ನರ್ ಕಾಕಾನ ಶೆಡ್ಡಿಗೆ ಹೋಗಿದ್ದೆ. ಹಚ್ಚಿ ಆರಿಸಿ ನೋಡಿದರು, ಬುಡ ಮುಟ್ಟಿ ನೋಡಿದರು. ಅವರದೂ ಊರ ಕಡೆ ಎರಡೆಕರೆ ಕಬ್ಬು ಇದೆ. ಪಂಪಿಗೆ ತ್ರೀ ಫೇಸ್ ಕರೆಂಟ್ ಕೊಡುವುದು ಎಷ್ಟೋ ಸಲ ರಾತ್ರಿಯೇ. ಒಂದು ಕೈಯಲ್ಲಿ ಸಲಿಕೆ, ಒಂದು ಕೈಯಲ್ಲಿ ಬ್ಯಾಟರಿ ಹಿಡಿದು ಹಾವು ನೋಡುತ್ತ ನೀರು ತಿರುವಬೇಕು. "ನನಗೊಂದು ಮಾಡಿಕೊಡು. ಬಾಡಿ ನಾ ಹೊಡ್ಕೋತೀನಿ," ಅಂದರು. ಅವರದಕ್ಕೆ ಎಂಟು ಚಿಪ್ಪು ಬೇಡ, ಮೂರು ಸಾಕು. 1 ಆ್ಯಂಪಿಯರ್ ಚೂರು ಮೀರುತ್ತದೆ, ಎರಡು ಸೆಲ್ಲಿನಲ್ಲಿ ಆರು ಗಂಟೆ ನಡೆಯುತ್ತದೆ, ಗಾಳಿ ಇಲ್ಲದಿದ್ದರೂ ಅಷ್ಟು ಬಿಸಿಯಾಗುವುದಿಲ್ಲ. ಲೆನ್ಸ್ ಮಾತ್ರ ಅಗಲ ಬೆಳಕಿನದು ಹುಡುಕಬೇಕು. ಐದು ಚಿಪ್ಪು ನಿನ್ನೆ ರಾತ್ರಿ ಕಿತ್ತಿಟ್ಟಿದ್ದೇನೆ.